ಇಪ್ಪತ್ನಾಲ್ಕು ದೊಡ್ಡದೋ, ಹನ್ನೊಂದು ದೊಡ್ಡದೋ?

ರಾಯ್ ಎಮರ್ಸನ್ ಯಾರು ಎಂದು ಕೇಳಿದರೆ ಟೆನಿಸ್ ಹುಚ್ಚಿರುವವರೂ ಒಂದು ಗಳಿಗೆ ತಡವರಿಸುತ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ಪ್ರಾಂತ್ಯದ ರೈತಾಪಿ ಮನೆಯಿಂದ ಬಂದ ಈ ಆಟಗಾರ 1961ರಿಂದ 1967ರ ಒಳಗೆ 12 ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಪುರುಷರ ವಿಭಾಗದಲ್ಲಿ ಅಲ್ಲಿಯವರೆಗೆ ಅಷ್ಟು ಗೆದ್ದವರು ಯಾರೂ ಇರಲಿಲ್ಲ. ಆ ದಾಖಲೆ ಮುರಿಯಲು 2000ದ ವಿಂಬಲ್ಡನ್‌ನಲ್ಲಿ ಪೀಟ್ ಸಾಂಪ್ರಾಸ್ ತಮ್ಮ 13ನೇ ಪ್ರಶಸ್ತಿ ಎತ್ತಬೇಕಾಯಿತು. ಅಂದರೆ 33 ವರ್ಷ ಎಮರ್ಸನ್ ಪಟ್ಟಿಯ ತುದಿಯಲ್ಲೇ ಇದ್ದರು. ಆದರೂ ಆ 33 ವರ್ಷಗಳಲ್ಲಿ ಎಮರ್ಸನ್ ಅವರೇ ಸಾರ್ವಕಾಲಿಕ ಶ್ರೇಷ್ಠ ಆಟಗಾರ ಎಂದು ಪಟ್ಟು ಹಿಡಿದು ವಾದಿಸಿದವರನ್ನು ಹುಡುಕಿದರೂ ಸಿಗುವುದಿಲ್ಲ.

ಇವತ್ತು ನೊವಾಕ್ ಜೊಕೊವಿಚ್ ಹೆಸರಿನಲ್ಲಿ 24, ರಫೆಲ್ ನಡಾಲ್ ಹೆಸರಿನಲ್ಲಿ 22, ರೋಜರ್ ಫೆಡರರ್ ಹೆಸರಿನಲ್ಲಿ 20 ಗ್ರ್ಯಾನ್‌ಸ್ಲಾಮ್‌ಗಳಿವೆ. ಶ್ರೇಷ್ಠ ಯಾರೆಂಬ ಮಾತು ಎದ್ದಾಗಲೆಲ್ಲ ಯಾರಾದರೊಬ್ಬರು ಈ ಮೂರು ಅಂಕಿಗಳನ್ನು ಮೇಜಿನ ಮೇಲೆ ಬಡಿದಿಟ್ಟು ‘ಇನ್ನೇನು ಮಾತು?’ ಎನ್ನುತ್ತಾರೆ. ಹಾಗಾದರೆ ಎಮರ್ಸನ್ ಲೆಕ್ಕ ಏನಾಯಿತು? ಅಂಕಿಯೇ ತೀರ್ಪು ಕೊಡುವುದಾಗಿದ್ದರೆ ಅವರು ಮೂರು ದಶಕ ಚಕ್ರವರ್ತಿಯಂತೆ ಮೆರೆಯಬೇಕಿತ್ತು. ಮೆರೆಯಲಿಲ್ಲ, ಏಕೆಂದರೆ ಆಗ ಯಾರೂ ಈ ಲೆಕ್ಕವನ್ನು ಅಷ್ಟಾಗಿ ಇಟ್ಟಿರಲಿಲ್ಲ. ಗ್ರ್ಯಾನ್‌ಸ್ಲಾಮ್ ಎಣಿಸಿ ಪಟ್ಟ ಕಟ್ಟುವ ಪದ್ಧತಿ ಟೆನಿಸ್ಸಿನಷ್ಟು ಹಳೆಯದಲ್ಲ. ಸಾಂಪ್ರಾಸ್ ದಾಖಲೆಯ ಬೆನ್ನು ಹತ್ತಿದ ತೊಂಬತ್ತರ ದಶಕದ ಕೊನೆಯಲ್ಲಿ ಅದು ಬಲಿಯಿತು. ಫೆಡರರ್, ನಡಾಲ್, ಜೊಕೊವಿಚ್ ಒಬ್ಬರ ಹಿಂದೊಬ್ಬರು ಓಡತೊಡಗಿದ ಮೇಲೆ ಅದೇ ವೇದವಾಕ್ಯವಾಯಿತು.

ಬ್ಯೋನ್ ಬೋರ್ಗ್ ಅವರ ಕಥೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. 1981ರ ಜೂನ್‌ನಲ್ಲಿ ಅವರು ಆರನೇ ಬಾರಿಗೆ ಫ್ರೆಂಚ್ ಓಪನ್ ಗೆದ್ದರು. ಅದಾಗಲೇ ಸತತ ಐದು ವಿಂಬಲ್ಡನ್ ಕೈಯಲ್ಲಿದ್ದವು. ಒಟ್ಟು 11, ವಯಸ್ಸು ಆಗಷ್ಟೇ 25 ತುಂಬಿತ್ತು. ಎಮರ್ಸನ್ ದಾಖಲೆಗೆ ಒಂದೇ ಒಂದು ಕಡಿಮೆ. ಆ ವರ್ಷದ ವಿಂಬಲ್ಡನ್ ಮತ್ತು ಅಮೆರಿಕ ಓಪನ್ ಎರಡೂ ಫೈನಲ್‌ಗಳಲ್ಲಿ ಜಾನ್ ಮೆಕೆನ್ರೊಗೆ ಸೋತ ಬೋರ್ಗ್ ಮತ್ತೆ ಯಾವ ಗ್ರ್ಯಾನ್‌ಸ್ಲಾಮ್‌ನಲ್ಲೂ ಆಡಲಿಲ್ಲ. 26ನೇ ವಯಸ್ಸಿಗೆ ನಿವೃತ್ತಿ ಘೋಷಿಸಿಬಿಟ್ಟರು. ಜೊಕೊವಿಚ್ ತಮ್ಮ 24 ಪ್ರಶಸ್ತಿಗಳಲ್ಲಿ ಅರ್ಧವನ್ನು ಮೂವತ್ತು ದಾಟಿದ ಮೇಲೆ ಗೆದ್ದವರು. ಅವರ ಕಾಲದ ಕಣ್ಣಿಗೆ ಬೋರ್ಗ್ ಮಾಡಿದ್ದು ಶುದ್ಧ ಹುಚ್ಚಾಟ. ಆ ಕಾಲದವರಿಗೂ ಬೋರ್ಗ್ ಹೊರಟುಹೋದದ್ದು ದೊಡ್ಡ ಆಘಾತವೇ ಆಗಿತ್ತು, ಆದರೆ ‘ಇನ್ನೆರಡು ಗೆದ್ದಿದ್ದರೆ ದಾಖಲೆ ಅವರದಾಗುತ್ತಿತ್ತು’ ಎಂಬುದು ಆ ಆಘಾತದ ಕಾರಣವಾಗಿರಲಿಲ್ಲ. 2023ರ ಫೆಬ್ರುವರಿಯಲ್ಲಿ ಬೋರ್ಗ್ ಬೆಂಗಳೂರಿಗೆ ಬಂದಿದ್ದರು. ಮಗ ಲಿಯೊ ಬೆಂಗಳೂರು ಓಪನ್‌ನಲ್ಲಿ ಆಡುವುದನ್ನು ಕಬ್ಬನ್ ಪಾರ್ಕ್‌ನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಳದಲ್ಲಿ ಕೂತು ನೋಡಿದರು. ಆಗ ಅವರನ್ನು ಕಾಣಲು ಹೋದವರಲ್ಲಿ ಎಷ್ಟು ಜನ ಹನ್ನೊಂದೆಂಬ ಅಂಕಿಗೆ ಮಾರುಹೋಗಿ ಬಂದಿದ್ದರೋ ಗೊತ್ತಿಲ್ಲ. ತಲೆಪಟ್ಟಿ, ಮರದ ರ‍್ಯಾಕೆಟ್, ಮುಖದಲ್ಲಿ ಒಂದು ಗೆರೆಯೂ ಅಲುಗದ ಆ ಶಾಂತಿ ನೆನಪಾಗಿ ಬಂದವರೇ ಹೆಚ್ಚಿರಬೇಕು.

ಬೋರ್ಗ್ ಆಸ್ಟ್ರೇಲಿಯಾ ಓಪನ್ ಆಡಿದ್ದು ಜೀವಮಾನದಲ್ಲಿ ಒಂದೇ ಸಲ, 1974ರಲ್ಲಿ. ಜಿಮ್ಮಿ ಕಾನರ್ಸ್ ಎರಡು ಸಲ. ಮೆಕೆನ್ರೊ ಮೊದಲ ಬಾರಿಗೆ ಅಲ್ಲಿಗೆ ಹೋದದ್ದು 1983ರಲ್ಲಿ, ಅಷ್ಟರಲ್ಲಿ ಅವರು ಐದು ಗ್ರ್ಯಾನ್‌ಸ್ಲಾಮ್ ಗೆದ್ದಾಗಿತ್ತು. ಇದಕ್ಕೆ ಕಾರಣ ಸೋಮಾರಿತನವಲ್ಲ. ಎಪ್ಪತ್ತರ ದಶಕದಲ್ಲಿ ಆ ಟೂರ್ನಿ ನಡೆಯುತ್ತಿದ್ದದ್ದು ಕ್ರಿಸ್‌ಮಸ್–ಹೊಸ ವರ್ಷದ ಆಸುಪಾಸಿನಲ್ಲಿ. ಯುರೋಪ್, ಅಮೆರಿಕದಿಂದ ಭೂಮಿಯ ಆ ತುದಿಗೆ ಪಯಣ, ಬಹುಮಾನದ ಹಣವೂ ಹೇಳಿಕೊಳ್ಳುವಂಥದ್ದಲ್ಲ. ಹಬ್ಬದ ಹೊತ್ತಿಗೆ ಮನೆಯಲ್ಲಿರುವುದೇ ಲೇಸು ಎಂದುಕೊಂಡರು. 1976ರಲ್ಲಿ ವಿಶ್ವ ಕ್ರಮಾಂಕದಲ್ಲಿ 212ನೇ ಸ್ಥಾನದಲ್ಲಿದ್ದ ಮಾರ್ಕ್ ಎಡ್ಮಂಡ್‌ಸನ್ ಅಲ್ಲಿ ಚಾಂಪಿಯನ್ ಆದರು. ಅಷ್ಟು ಕೆಳಗಿದ್ದವರು ಗ್ರ್ಯಾನ್‌ಸ್ಲಾಮ್ ಗೆದ್ದ ಇನ್ನೊಂದು ಉದಾಹರಣೆ ಪುರುಷರಲ್ಲಿಲ್ಲ. 1988ರಲ್ಲಿ ಕೂಯಾಂಗ್‌ನ ಹುಲ್ಲಿನ ಅಂಕಣ ಬಿಟ್ಟು ಮೆಲ್ಬರ್ನ್ ಪಾರ್ಕ್‌ನ ಹಾರ್ಡ್‌ಕೋರ್ಟ್‌ಗೆ ಸ್ಥಳಾಂತರವಾದ ಮೇಲೆ ಆ ಟೂರ್ನಿಗೆ ಉಳಿದ ಮೂರರ ಸಮಾನ ತೂಕ ಬಂತು. ಜೊಕೊವಿಚ್ ಅವರ 24ರಲ್ಲಿ ಹತ್ತು ಅಲ್ಲಿಯವೇ. ಬೋರ್ಗ್‌ಗೆ ನಾಲ್ಕರಲ್ಲಿ ಮೂರೇ ಲೆಕ್ಕಕ್ಕಿದ್ದವು. ಈ ಇಬ್ಬರ ಮೊತ್ತಗಳನ್ನು ಅಕ್ಕಪಕ್ಕ ಬರೆಯುವುದೆಂದರೆ ಸೇರಿನಲ್ಲಿ ಅಳೆದ ರಾಗಿಗೂ ಕಿಲೋದಲ್ಲಿ ತೂಗಿದ ರಾಗಿಗೂ ಒಂದೇ ಚೀಟಿ ಅಂಟಿಸಿದಂತೆ.

ಮಹಿಳೆಯರ ಕಡೆ ಕ್ರಿಸ್ ಎವರ್ಟ್ ಅವರದು ಇನ್ನೂ ವಿಚಿತ್ರ. 1973ರ ಆಗಸ್ಟ್‌ನಿಂದ 1979ರ ಮೇ ತಿಂಗಳವರೆಗೆ ಆವೆಮಣ್ಣಿನ ಅಂಕಣದಲ್ಲಿ ಅವರು ಸತತ 125 ಪಂದ್ಯ ಗೆದ್ದರು. ಈ ಅವಧಿಯ ನಟ್ಟನಡುವೆ 1976, 1977, 1978 ಹೀಗೆ ಮೂರು ವರ್ಷ ಅವರು ಫ್ರೆಂಚ್ ಓಪನ್‌ಗೆ ಹೋಗಲೇ ಇಲ್ಲ. ಅಮೆರಿಕದ ವರ್ಲ್ಡ್ ಟೀಮ್ ಟೆನಿಸ್ ಎಂಬ ತಂಡಗಳ ಲೀಗ್‌ನಲ್ಲಿ ಆಡುತ್ತಿದ್ದರು. ಮಣ್ಣಿನ ಮೇಲೆ ಅವರನ್ನು ಸೋಲಿಸಬಲ್ಲವರು ಭೂಮಿಯ ಮೇಲೆ ಇರಲಿಲ್ಲ, ಮಣ್ಣಿನ ಮೇಲಿನ ಅತಿ ದೊಡ್ಡ ಟೂರ್ನಿಯಲ್ಲಿ ಅವರೇ ಇರಲಿಲ್ಲ. ಅವರ 18 ಗ್ರ್ಯಾನ್‌ಸ್ಲಾಮ್‌ಗಳ ಜೊತೆಗೆ ಈ ಮೂರನ್ನೂ ಕೂಡಬೇಕೇ? ಕೂಡಲಾಗದು. ಆದರೆ ಮರೆಯಲೂ ಆಗದು.

ಎಮರ್ಸನ್‌ಗೆ ಯಾಕೆ ಪಟ್ಟ ಸಿಗಲಿಲ್ಲ ಎಂಬುದಕ್ಕೆ ಇನ್ನೊಂದು, ಇನ್ನೂ ಬಲವಾದ ಕಾರಣವಿದೆ. ಅವರು ಗೆಲ್ಲುತ್ತಿದ್ದಾಗ ಜಗತ್ತಿನ ಅತ್ಯುತ್ತಮ ಆಟಗಾರರು ಎದುರಿನಲ್ಲಿರಲಿಲ್ಲ. 1968ರ ಏಪ್ರಿಲ್‌ವರೆಗೆ ಟೆನಿಸ್ ಎರಡು ಮನೆಯಾಗಿತ್ತು. ವಿಂಬಲ್ಡನ್ ಸೇರಿ ನಾಲ್ಕೂ ದೊಡ್ಡ ಟೂರ್ನಿಗಳಲ್ಲಿ ಹವ್ಯಾಸಿಗಳಿಗೆ ಮಾತ್ರ ಪ್ರವೇಶ. ಹಣಕ್ಕೆ ಆಡುತ್ತೇನೆ ಎಂದು ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಆ ಬಾಗಿಲು ಮುಚ್ಚಿದಂತೆಯೇ. ಡೇವಿಸ್ ಕಪ್ ಕೂಡ ಇಲ್ಲ. ಒಳ್ಳೆಯ ಹವ್ಯಾಸಿ ಒಂದೆರಡು ವಿಂಬಲ್ಡನ್ ಗೆದ್ದು ಹೆಸರು ಮಾಡುತ್ತಿದ್ದಂತೆ ಜಾಕ್ ಕ್ರೇಮರ್‌ರಂಥ ಸಂಘಟಕರು ದುಡ್ಡಿನ ಗಂಟು ಹಿಡಿದು ಬರುತ್ತಿದ್ದರು. ನಮ್ಮ ಚೆನ್ನೈನ ರಾಮನಾಥನ್ ಕೃಷ್ಣನ್‌ಗೂ 1959ರಲ್ಲಿ ಕ್ರೇಮರ್ ದೊಡ್ಡ ಮೊತ್ತ ಮುಂದಿಟ್ಟಿದ್ದರು. ಕೃಷ್ಣನ್ ಒಪ್ಪಲಿಲ್ಲ, ಹವ್ಯಾಸಿಯಾಗಿಯೇ ಉಳಿದು 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದರು. ಎರಡನೆಯ ಸಲ ಅವರನ್ನು ತಡೆದವರು ರಾಡ್ ಲೇವರ್.

ಆ ಲೇವರ್ 1962ರಲ್ಲಿ ಒಂದೇ ವರ್ಷ ನಾಲ್ಕೂ ಗ್ರ್ಯಾನ್‌ಸ್ಲಾಮ್ ಗೆದ್ದರು. 1938ರ ಡಾನ್ ಬಜ್ ನಂತರ ಪುರುಷರಲ್ಲಿ ಆ ಸಾಧನೆ ಮಾಡಿದ ಮೊದಲಿಗರು. ಲೋಕವೇ ಕೊಂಡಾಡಿತು. 1963ರ ಜನವರಿಯಲ್ಲಿ ಅವರು ವೃತ್ತಿಪರರ ಗುಂಪು ಸೇರಿದರು. ಅಲ್ಲಿ ಕಾದಿದ್ದದ್ದು ಬೇರೆಯೇ ಪಾಠ. ಲ್ಯೂ ಹೋಡ್ ಎದುರು ಆಡಿದ ಮೊದಲ ಎಂಟು ಪಂದ್ಯಗಳಲ್ಲಿ ಎಂಟನ್ನೂ ಸೋತರು. ಕೆನ್ ರೋಸ್‌ವಾಲ್ ಎದುರು ಹದಿಮೂರರಲ್ಲಿ ಹನ್ನೊಂದು ಸೋಲು. ನಾಲ್ಕೂ ಗ್ರ್ಯಾನ್‌ಸ್ಲಾಮ್ ಗೆದ್ದು ಬಂದ ಚಾಂಪಿಯನ್ ಆ ಹೊತ್ತಿನಲ್ಲಿ ಜಗತ್ತಿನ ಮೂರನೆಯ ಆಟಗಾರನಾಗಿದ್ದರೆ ಹೆಚ್ಚು! ಪೆಟ್ಟು ತಿಂದು ಕಲಿತ ಲೇವರ್ ಒಂದೆರಡು ವರ್ಷದಲ್ಲಿ ಆ ಗುಂಪಿನಲ್ಲೂ ಮೇಲೆ ಬಂದರು. ಆದರೆ 1968ರಲ್ಲಿ ಬಾಗಿಲು ತೆರೆಯುವಷ್ಟರಲ್ಲಿ ಅವರಿಲ್ಲದ 21 ಗ್ರ್ಯಾನ್‌ಸ್ಲಾಮ್ ಟೂರ್ನಿಗಳು ನಡೆದುಹೋದವು. ಆ ಖಾಲಿ ಜಾಗದಲ್ಲೇ ಎಮರ್ಸನ್ ತಮ್ಮ ಹನ್ನೆರಡರಲ್ಲಿ ಹತ್ತನ್ನು ಗೆದ್ದದ್ದು. ಟೂರ್ನಿಗಳು ಎಲ್ಲರಿಗೂ ತೆರೆದುಕೊಂಡ ಮರುವರ್ಷ, 1969ರಲ್ಲಿ, ಹೋಡ್‌ನಿಂದ ಹಿಡಿದು ರೋಸ್‌ವಾಲ್‌ವರೆಗೆ ಎಲ್ಲರಿಗೂ ಪ್ರವೇಶವಿದ್ದಾಗಲೇ ಲೇವರ್ ಮತ್ತೊಮ್ಮೆ ನಾಲ್ಕನ್ನೂ ಗೆದ್ದರು. ಪುರುಷರ ಸಿಂಗಲ್ಸ್‌ನಲ್ಲಿ ಆಮೇಲೆ ಇದುವರೆಗೆ ಯಾರಿಗೂ ಅದು ಸಾಧ್ಯವಾಗಿಲ್ಲ. ಅವರ ಒಟ್ಟು ಮೊತ್ತ 11.

ವೃತ್ತಿಪರರ ಆ ಮನೆ ಹೇಗಿತ್ತು? ಇವತ್ತೊಂದು ಊರು, ನಾಳೆ ಇನ್ನೊಂದು. ಒಳಾಂಗಣದಲ್ಲಿ ಹಲಗೆಯ ಮೇಲೆ, ಕೆಲವೊಮ್ಮೆ ಮಂಜುಗಡ್ಡೆಯ ಸ್ಕೇಟಿಂಗ್ ಅಂಗಳದ ಮೇಲೆ ಕ್ಯಾನ್ವಾಸ್ ಹಾಸಿ ಗೆರೆ ಎಳೆದು ಆಟ. ಇಬ್ಬರೇ ತಾರೆಗಳು ತಿಂಗಳುಗಟ್ಟಲೆ ಊರೂರು ಸುತ್ತುತ್ತ ಒಬ್ಬರ ಮೇಲೊಬ್ಬರು ಆಡುವುದು. 1949–50ರ ಅಂಥ ಒಂದು ಸುತ್ತಾಟದಲ್ಲಿ ಕ್ರೇಮರ್ 96 ಪಂದ್ಯ ಗೆದ್ದರು, ಎದುರಾಳಿ ಪಾಂಚೊ ಗೊನ್ಸಾಲೆಸ್ 27. ಈ ಏಟಿನ ನಂತರ ಗೊನ್ಸಾಲೆಸ್ ಎದ್ದು ನಿಂತ ಪರಿ ಎಂಥದ್ದೆಂದರೆ, ಐವತ್ತರ ದಶಕದ ದ್ವಿತೀಯಾರ್ಧವೆಲ್ಲ ಅವರದೇ ಆಯಿತು. ಆದರೆ ದಾಖಲೆ ಪುಸ್ತಕದಲ್ಲಿ ಅವರ ಹೆಸರಿನ ಮುಂದಿರುವ ಗ್ರ್ಯಾನ್‌ಸ್ಲಾಮ್‌ಗಳು ಎರಡೇ, 1948 ಮತ್ತು 1949ರ ಅಮೆರಿಕ ಚಾಂಪಿಯನ್‌ಷಿಪ್. ಬೋರ್ಗ್, ಕಾನರ್ಸ್ ಬಾರದ ಆಸ್ಟ್ರೇಲಿಯಾದಲ್ಲಿ 1981, 1982ರಲ್ಲಿ ಗೆದ್ದ ಯೋಹಾನ್ ಕ್ರೀಕ್ ಅವರಿಗೂ ಎರಡೇ. ಬರೀ ಅಂಕಿ ನೋಡುವವರ ಲೆಕ್ಕದಲ್ಲಿ ಇಬ್ಬರೂ ಒಂದೇ ದರ್ಜೆ.

ಗೊನ್ಸಾಲೆಸ್ ಏನೆಂದು ತಿಳಿಯಲು 1969ರ ವಿಂಬಲ್ಡನ್‌ನ ಮೊದಲ ಸುತ್ತಿನ ಒಂದು ಪಂದ್ಯ ಸಾಕು. ಅವರಿಗೆ 41. ಎದುರಾಳಿ 25ರ ಚಾರ್ಲಿ ಪಸರೆಲ್. ಆಗಿನ್ನೂ ಟೈಬ್ರೇಕ್ ಇಲ್ಲ, ಎರಡು ಗೇಮ್ ಅಂತರ ಸಿಗುವವರೆಗೆ ಆಡುತ್ತಲೇ ಇರಬೇಕು. ಮೊದಲ ಸೆಟ್ 22–24ರಿಂದ ಸೋತ ಗೊನ್ಸಾಲೆಸ್, ಕತ್ತಲಾಗುತ್ತಿದೆ, ಆಟ ನಿಲ್ಲಿಸಿ ಎಂದು ಕೂಗಾಡಿದರು. ರೆಫರಿ ಕೇಳಲಿಲ್ಲ. ಸಿಟ್ಟಿನಲ್ಲಿ ಎರಡನೇ ಸೆಟ್ಟನ್ನು 1–6ರಿಂದ ಬಿಟ್ಟುಕೊಟ್ಟು ಹೊರನಡೆದಾಗ ಪ್ರೇಕ್ಷಕರು ಛೀಮಾರಿ ಹಾಕಿದರು. ಮರುದಿನ ಬಂದು 16–14, 6–3, 11–9. ಕೊನೆಯ ಸೆಟ್‌ನಲ್ಲಿ ಎರಡು ಸಲ ತಮ್ಮ ಸರ್ವ್‌ನಲ್ಲಿ 0–40ರಿಂದ ಹಿಂದಿದ್ದು, ಒಟ್ಟು ಏಳು ಮ್ಯಾಚ್ ಪಾಯಿಂಟ್ ಉಳಿಸಿಕೊಂಡರು. 112 ಗೇಮ್, 5 ಗಂಟೆ 12 ನಿಮಿಷ. ಹಿಂದಿನ ದಿನ ಛೀಮಾರಿ ಹಾಕಿದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಲವತ್ತೊಂದರಲ್ಲಿ ಹೀಗಿದ್ದ ಮನುಷ್ಯ ಇಪ್ಪತ್ತೊಂಬತ್ತರಲ್ಲಿ, ವಿಂಬಲ್ಡನ್ ಬಾಗಿಲು ಮುಚ್ಚಿದ್ದ ಹೊತ್ತಿನಲ್ಲಿ, ಹೇಗಿದ್ದಿರಬೇಡ?

ಇಷ್ಟೆಲ್ಲ ಹಳೆಯ ರಗಳೆ ಯಾಕೆ, ನಮ್ಮ ಕಣ್ಣೆದುರು ಆಡಿದ ಮೂವರ ಲೆಕ್ಕವಾದರೂ ಸರಳವಲ್ಲವೇ ಎಂದು ಕೇಳಬಹುದು. ಒಂದೇ ಕಾಲ, ಒಂದೇ ನಾಲ್ಕು ಟೂರ್ನಿ, ಒಂದೇ ಬಗೆಯ ರ‍್ಯಾಕೆಟ್. ಇಲ್ಲಿ ಅಂಕಿಗೆ ನಿಜಕ್ಕೂ ಬೆಲೆಯಿದೆ. ಆದರೂ ಅಂಕಿಗಳು ಒಂದೇ ಕಡೆ ಬೆರಳು ತೋರಿಸುವುದಿಲ್ಲ. ನಡಾಲ್ ಅಭಿಮಾನಿಗಳಿಗೆ ಪ್ರಿಯವಾದದ್ದು ಮುಖಾಮುಖಿ ಲೆಕ್ಕ: ಫೆಡರರ್ ಎದುರು ನಡಾಲ್ 24 ಗೆಲುವು, 16 ಸೋಲು. ಬಿಡಿಸಿ ನೋಡಿದರೆ ಆವೆಮಣ್ಣಿನಲ್ಲಿ ನಡಾಲ್‌ಗೆ 14–2. ಹಾರ್ಡ್‌ಕೋರ್ಟ್‌ನಲ್ಲಿ ಫೆಡರರ್‌ಗೆ 11–9, ಹುಲ್ಲಿನಲ್ಲಿ 3–1. ಮಣ್ಣಿನಲ್ಲಿ ಅಷ್ಟೊಂದು ಸಲ ಸೋತದ್ದೇಕೆ? ಮಣ್ಣಿನ ಟೂರ್ನಿಗಳಲ್ಲೂ ಫೆಡರರ್ ಮತ್ತೆ ಮತ್ತೆ ಫೈನಲ್ ತಲುಪುತ್ತಿದ್ದದ್ದಕ್ಕೆ. ಸಾಂಪ್ರಾಸ್‌ರಂತೆ ಅವರೂ ಪ್ಯಾರಿಸ್‌ನಲ್ಲಿ ಮೊದಲೇ ಸೋತು ಮನೆಗೆ ಹೋಗಿದ್ದರೆ ನಡಾಲ್ ಎದುರಿನ ದಾಖಲೆ ಎಷ್ಟೋ ಚೆಂದ ಕಾಣುತ್ತಿತ್ತು. ಆಟ ಇನ್ನೂ ಕೆಟ್ಟದಾಗಿದ್ದರೆ ಅಂಕಿ ಇನ್ನೂ ಒಳ್ಳೆಯದಾಗುತ್ತಿತ್ತು ಎಂಬ ಈ ತಮಾಷೆ ಮುಖಾಮುಖಿ ಲೆಕ್ಕದ ಹೊಟ್ಟೆಯೊಳಗೇ ಇದೆ.

2019ರ ವಿಂಬಲ್ಡನ್ ಫೈನಲ್ ಇನ್ನೊಂದು ಬಗೆಯ ಪಾಠ. ಇನ್ನು ಮೂರೇ ವಾರಕ್ಕೆ 38 ತುಂಬಲಿದ್ದ ಫೆಡರರ್, ಐದನೇ ಸೆಟ್‌ನಲ್ಲಿ 8–7ರ ಮುನ್ನಡೆ, ಸರ್ವ್ ಅವರದೇ, 40–15. ಎರಡು ಚಾಂಪಿಯನ್‌ಷಿಪ್ ಪಾಯಿಂಟ್. ಮೊದಲನೆಯದರಲ್ಲಿ ಫೋರ್‌ಹ್ಯಾಂಡ್ ಗೆರೆಯಾಚೆ ಹೋಯಿತು. ಎರಡನೆಯದರಲ್ಲಿ ನೆಟ್‌ನತ್ತ ನುಗ್ಗಿದರು. ಜೊಕೊವಿಚ್ ಫೋರ್‌ಹ್ಯಾಂಡ್ ಚೆಂಡು ಅಂಕಣಕ್ಕೆ ಅಡ್ಡಲಾಗಿ ಅವರನ್ನು ದಾಟಿಹೋಯಿತು. ಆ ವರ್ಷವೇ ಜಾರಿಗೆ ಬಂದಿದ್ದ ನಿಯಮದಂತೆ 12–12ಕ್ಕೆ ಟೈಬ್ರೇಕ್. ಜೊಕೊವಿಚ್ ಗೆದ್ದರು. ನಾಲ್ಕು ಗಂಟೆ 57 ನಿಮಿಷದ ಆ ಪಂದ್ಯದಲ್ಲಿ ಫೆಡರರ್ ಗೆದ್ದ ಪಾಯಿಂಟ್‌ಗಳು 218, ಜೊಕೊವಿಚ್ 204. ಏಸ್‌ಗಳಲ್ಲೂ ವಿನ್ನರ್‌ಗಳಲ್ಲೂ ಫೆಡರರ್ ಮುಂದಿದ್ದರು. ಆದರೆ ಮೂರು ಸೆಟ್‌ಗಳು ಟೈಬ್ರೇಕ್‌ಗೆ ಹೋದವು, ಮೂರನ್ನೂ ಜೊಕೊವಿಚ್ ಗೆದ್ದರು. ಆ ಎರಡು ಚಾಂಪಿಯನ್‌ಷಿಪ್ ಪಾಯಿಂಟ್‌ಗಳಲ್ಲಿ ಒಂದು ಚೆಂಡು ಬೇರೆ ಕಡೆ ಬಿದ್ದಿದ್ದರೆ ಇವತ್ತಿನ ಮೊತ್ತ 24–20ರ ಬದಲು 23–21. ಇದನ್ನು ಅದೃಷ್ಟ ಎನ್ನುವವರಿದ್ದಾರೆ. ಅದೃಷ್ಟ ಒಂದು ಟೈಬ್ರೇಕ್ ಗೆಲ್ಲಿಸೀತು. ಮೂರಕ್ಕೆ ಮೂರು ಗೆಲ್ಲುವುದು ಒತ್ತಡದ ಗಳಿಗೆಯಲ್ಲಿ ಕೈ ನಡುಗದಿರುವ ಕಲೆ, ಅದೂ ಟೆನಿಸ್ಸಿನ ಕೌಶಲವೇ.

ವೃತ್ತಿಪರರಿಗೂ ಬಾಗಿಲು ತೆರೆದ 1968ರಿಂದೀಚಿನ ಮುಕ್ತ ಯುಗದ ಪುರುಷರಲ್ಲಿ ಜೊಕೊವಿಚ್ ಮೇಲಿದ್ದಾರೆ ಎನ್ನುವವರ ವಾದ ಗ್ರ್ಯಾನ್‌ಸ್ಲಾಮ್ ಎಣಿಕೆಯೊಂದರ ಮೇಲೆ ನಿಂತಿಲ್ಲ ಎಂಬುದನ್ನು ಒಪ್ಪಲೇಬೇಕು. ಅಗ್ರ ಕ್ರಮಾಂಕದಲ್ಲಿ 428 ವಾರ. ಫೆಡರರ್ 310, ನಡಾಲ್ 209. ಇಬ್ಬರ ಎದುರೂ ಮುಖಾಮುಖಿಯಲ್ಲಿ ಮುನ್ನಡೆ: ಫೆಡರರ್ ಎದುರು 27–23, ನಡಾಲ್ ಎದುರು 31–29. ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳನ್ನು ತಲಾ ಮೂರಕ್ಕಿಂತ ಕಡಿಮೆಯಿಲ್ಲದಂತೆ, ಒಂಬತ್ತೂ ಮಾಸ್ಟರ್ಸ್ ಟೂರ್ನಿಗಳನ್ನು ತಲಾ ಎರಡಕ್ಕಿಂತ ಕಡಿಮೆಯಿಲ್ಲದಂತೆ ಗೆದ್ದವರು ಅವರೊಬ್ಬರೇ. ಒಲಿಂಪಿಕ್ ಚಿನ್ನವೊಂದು ಬಾಕಿಯಿತ್ತು. 2024ರಲ್ಲಿ ಪ್ಯಾರಿಸ್‌ನಲ್ಲಿ, 37ನೇ ವಯಸ್ಸಿನಲ್ಲಿ, ಕಾರ್ಲೋಸ್ ಅಲ್ಕರಾಜ್ ವಿರುದ್ಧ ಎರಡು ಟೈಬ್ರೇಕ್ ಗೆದ್ದು ಅದನ್ನೂ ಕೊರಳಿಗೆ ಹಾಕಿಕೊಂಡರು. ಇದಕ್ಕೆ ಎದುರಾಗಿ ನಡಾಲ್ ಪಾಳಯ ಇಡಬಲ್ಲ ಅಂಕಿ ಒಂದೇ, ಆದರೆ ಅದು ಬೇರೆ ಲೋಕದ್ದು: ಫ್ರೆಂಚ್ ಓಪನ್‌ನಲ್ಲಿ 116 ಪಂದ್ಯ ಆಡಿ 112 ಗೆಲುವು. ಸೋತ ನಾಲ್ಕರಲ್ಲಿ ಎರಡು ಜೊಕೊವಿಚ್ ಕೈಯಲ್ಲೇ ಎಂಬುದೂ ಅದೇ ದಾಖಲೆಯಲ್ಲಿದೆ.

ಪಟ್ಟಿ ಮಾಡುವ ಕೆಲಸವನ್ನು ಯಂತ್ರಕ್ಕೆ ವಹಿಸಿದರೆ ಪಕ್ಷಪಾತ ತಪ್ಪುತ್ತದಲ್ಲ ಎಂದು ಹೊರಟವರೂ ಇದ್ದಾರೆ. ಇಟಲಿ ಮೂಲದ ವಿಜ್ಞಾನಿ ಫಿಲಿಪ್ಪೊ ರಾಡಿಕ್ಕಿ 1968ರಿಂದ 2010ರವರೆಗಿನ ವೃತ್ತಿಪರ ಪಂದ್ಯಗಳನ್ನೆಲ್ಲ ಒಂದು ಜಾಲವಾಗಿ ಹೆಣೆದರು. ಗೂಗಲ್ ಜಾಲತಾಣಗಳಿಗೆ ತೂಕ ಕೊಡುವ ರೀತಿಯಲ್ಲೇ, ಸೋತವರಿಂದ ಗೆದ್ದವರಿಗೆ ಗೌರವ ಹರಿಯುವಂತೆ ಸೂತ್ರ ಬರೆದರು. ದೊಡ್ಡವರನ್ನು ಸೋಲಿಸಿದರೆ ಹೆಚ್ಚು ಗೌರವ. 2011ರಲ್ಲಿ ಪ್ರಕಟವಾದ ಆ ಅಧ್ಯಯನದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಫೆಡರರ್ ಅಲ್ಲ, ಸಾಂಪ್ರಾಸ್ ಅಲ್ಲ, ಜಿಮ್ಮಿ ಕಾನರ್ಸ್. ಎಂಟು ಗ್ರ್ಯಾನ್‌ಸ್ಲಾಮ್ ಗೆದ್ದ, 109 ಪ್ರಶಸ್ತಿಗಳ ಕಾನರ್ಸ್ ಎರಡು ದಶಕ ಬಿಡದೆ ಆಡಿದವರು; ಸೂತ್ರಕ್ಕೆ ಅಷ್ಟು ಸಾಕಾಯಿತು. ಇನ್ನೂ ಆಡುತ್ತಿದ್ದವರ ಲೆಕ್ಕ ಅರ್ಧದಲ್ಲಿತ್ತು. ಮರುವರ್ಷ ಅಮೆರಿಕದ ಟೆನಿಸ್ ಚಾನೆಲ್ ತಜ್ಞರ ಮತ ಪಡೆದು ನೂರು ಶ್ರೇಷ್ಠರ ಪಟ್ಟಿ ಹೊರಡಿಸಿತು. ಫೆಡರರ್ ಮೊದಲು, ಲೇವರ್ ಎರಡನೆಯವರು, ಸ್ಟೆಫಿ ಗ್ರಾಫ್ ಮೂರನೆಯವರು. ಐದು ಗ್ರ್ಯಾನ್‌ಸ್ಲಾಮ್ ಗೆದ್ದಿದ್ದ ಜೊಕೊವಿಚ್ ಮೊದಲ ಹತ್ತರ ಹತ್ತಿರವೂ ಇರಲಿಲ್ಲ. ಯಂತ್ರದ್ದಾಗಲಿ ತಜ್ಞರದ್ದಾಗಲಿ, ಪಟ್ಟಿಯ ಮೇಲೆ ತಾರೀಖು ಬರೆದಿರುತ್ತದೆ.

ರ‍್ಯಾಕೆಟ್, ತಂತಿ, ಹುಲ್ಲು ಇವೂ ಬದಲಾದವು. ಮರ ಹೋಗಿ ಗ್ರಾಫೈಟ್ ಬಂತು, ತಂತಿ ಪಾಲಿಯೆಸ್ಟರ್ ಆಯಿತು, ಚೆಂಡಿಗೆ ಹಿಂದೆಂದೂ ಕಾಣದ ತಿರುಗು ಸಿಕ್ಕಿತು. 2001ರಲ್ಲಿ ವಿಂಬಲ್ಡನ್ ತನ್ನ ಅಂಕಣಗಳಿಗೆ ಪೂರ್ತಿ ರೈ ಹುಲ್ಲು ಹಾಕಿದ ಮೇಲೆ ಚೆಂಡಿನ ಪುಟಿತ ಹೆಚ್ಚು ನಂಬಿಕೆಗೆ ಅರ್ಹವಾಯಿತು, ಸರ್ವ್ ಮಾಡಿ ನೆಟ್‌ಗೆ ಓಡುವವರ ಕಾಲ ಮುಗಿಯಿತು. ವಿಂಬಲ್ಡನ್ ಏಳು ಸಲ ಗೆದ್ದೂ ಫ್ರೆಂಚ್ ಓಪನ್‌ನಲ್ಲಿ ಸೆಮಿಫೈನಲ್ ದಾಟದ ಸಾಂಪ್ರಾಸ್‌ರಂಥವರು ಹುಟ್ಟುತ್ತಿದ್ದದ್ದು ಅಂಕಣ ಅಂಕಣಕ್ಕೂ ಅಷ್ಟು ವ್ಯತ್ಯಾಸವಿದ್ದಾಗ. ಈಗ ಒಂದೇ ಶೈಲಿಯ ಆಟಗಾರ ನಾಲ್ಕೂ ಕಡೆ ಗೆಲ್ಲಬಲ್ಲ. ಒಬ್ಬರಲ್ಲ, ಇಬ್ಬರಲ್ಲ, ಒಂದೇ ತಲೆಮಾರಿನ ಮೂವರೂ ನಾಲ್ಕು ಕಡೆ ಗೆದ್ದದ್ದರಲ್ಲಿ ಅವರ ಪ್ರತಿಭೆಯ ಜೊತೆಗೆ ಇದರ ಪಾಲೂ ಇದೆ.

ಮಹಿಳೆಯರ ಪಟ್ಟಿಯಲ್ಲಿ ಅಂಕಿಯ ಜಗಳ ಇನ್ನೂ ಕಟುವಾದದ್ದು. ಮಾರ್ಗರೆಟ್ ಕೋರ್ಟ್ 24, ಸೆರೆನಾ ವಿಲಿಯಮ್ಸ್ 23. ಕೋರ್ಟ್ ಅವರ 24ರಲ್ಲಿ 13 ಬಂದದ್ದು ಮುಕ್ತ ಯುಗಕ್ಕೆ ಮುಂಚೆ. 11 ಪ್ರಶಸ್ತಿಗಳು ಆಸ್ಟ್ರೇಲಿಯಾದ್ದೇ, ಅದರಲ್ಲಿ ಏಳು, ಹೊರದೇಶದವರು ವಿರಳವಾಗಿ ಬರುತ್ತಿದ್ದ ಅರವತ್ತರ ದಶಕದ ಸಣ್ಣ ಟೂರ್ನಿಗಳಲ್ಲಿ. ಸೆರೆನಾ ಅವರ 23ಕ್ಕೆ 23 ಮುಕ್ತ ಯುಗದವು. 1999ರಲ್ಲಿ ಹದಿನೇಳರ ಹುಡುಗಿಯಾಗಿ ಗೆದ್ದ ಅಮೆರಿಕ ಓಪನ್‌ನಿಂದ, ಗರ್ಭಿಣಿಯಾಗಿದ್ದು ಗೆದ್ದ 2017ರ ಆಸ್ಟ್ರೇಲಿಯಾ ಓಪನ್‌ವರೆಗೆ. ತಾಯಿಯಾದ ಮೇಲೆ ನಾಲ್ಕು ಫೈನಲ್ ತಲುಪಿ ನಾಲ್ಕನ್ನೂ ಸೋತರು, 24 ಸಿಗಲಿಲ್ಲ. ಆ ಒಂದು ಸಿಕ್ಕಿದ್ದರೆ ಅವರು ಹಿಂದಿಗಿಂತ ದೊಡ್ಡವರಾಗುತ್ತಿದ್ದರೇ? ಖಂಡಿತ ಇಲ್ಲ. ಕೋರ್ಟ್ ಅವರ ಶಕ್ತಿಯನ್ನು ಸಣ್ಣದು ಮಾಡುವ ಮಾತಲ್ಲ ಇದು. 1970ರಲ್ಲಿ ಅವರು ಎಲ್ಲರೆದುರು ಆಡಿಯೇ ಒಂದೇ ವರ್ಷ ನಾಲ್ಕೂ ಗೆದ್ದರು. ಆದರೆ 24 ಮತ್ತು 23ರ ನಡುವಿನ ಒಂದಕ್ಕಾಗಿ ಅಷ್ಟು ವರ್ಷ ಸೆರೆನಾ ಅವರನ್ನು ಅಟ್ಟಾಡಿಸಿದ್ದು ಅನ್ಯಾಯ.

ಇನ್ನು ಗ್ರಾಫ್. 22 ಪ್ರಶಸ್ತಿ, ಅಗ್ರ ಕ್ರಮಾಂಕದಲ್ಲಿ 377 ವಾರ, 1988ರಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್ ಜೊತೆಗೆ ಒಲಿಂಪಿಕ್ ಚಿನ್ನ. ನಾಲ್ಕೂ ಟೂರ್ನಿಗಳನ್ನು ತಲಾ ನಾಲ್ಕಕ್ಕಿಂತ ಕಡಿಮೆಯಿಲ್ಲದಂತೆ ಗೆದ್ದವರು ಗಂಡಸರಲ್ಲೂ ಹೆಂಗಸರಲ್ಲೂ ಅವರೊಬ್ಬರೇ. ಇಷ್ಟಿದ್ದೂ ಅವರ ಹೆಸರಿನ ಹಿಂದೆಯೇ ಒಂದು ತಾರೀಖು ಬರುತ್ತದೆ: 1993ರ ಏಪ್ರಿಲ್ 30. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪಂದ್ಯದ ನಡುವೆ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದ 19 ವರ್ಷದ ಮೋನಿಕಾ ಸೆಲೆಸ್ ಬೆನ್ನಿಗೆ ಒಬ್ಬ ಚೂರಿ ಹಾಕಿದ. ಅವನು ಗ್ರಾಫ್ ಅವರ ಹುಚ್ಚು ಅಭಿಮಾನಿ. ಗ್ರಾಫ್ ಮತ್ತೆ ಅಗ್ರಪಟ್ಟಕ್ಕೆ ಬರಬೇಕೆಂಬುದೇ ಅವನ ಉದ್ದೇಶ. ಆಗ ಸೆಲೆಸ್ ಎಂಟು ಗ್ರ್ಯಾನ್‌ಸ್ಲಾಮ್ ಗೆದ್ದಿದ್ದರು, ಅದಕ್ಕೂ ಹಿಂದಿನ ಒಂಬತ್ತು ಟೂರ್ನಿಗಳಲ್ಲಿ ಏಳು ಅವರವೇ. ಗಾಯ ಬೇಗ ಮಾಗಿತು. ಅಂಕಣಕ್ಕೆ ಮರಳಲು 1995ರ ಆಗಸ್ಟ್ ಬಂತು. ಆಮೇಲೆ ಗೆದ್ದದ್ದು ಒಂದೇ. ಗ್ರಾಫ್ ಆ ದಿನಕ್ಕೆ ಮುಂಚೆ ಗೆದ್ದದ್ದು 11, ನಂತರ ಗೆದ್ದದ್ದು 11. ಇದರಲ್ಲಿ ಗ್ರಾಫ್ ತಪ್ಪು ಎಳ್ಳಷ್ಟೂ ಇಲ್ಲ, ಅವರ 22ರಿಂದ ಒಂದನ್ನೂ ಕಳೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಸೆಲೆಸ್ ಅವರನ್ನು ‘ಬರೀ ಒಂಬತ್ತು’ ಎಂದು ಹದಿನೈದನೆಯದೋ ಇಪ್ಪತ್ತನೆಯದೋ ಸಾಲಿಗೆ ತಳ್ಳುವ ಪಟ್ಟಿ, ಚೂರಿ ಹಾಕಿದವನ ಇಚ್ಛೆಯನ್ನೇ ಅಂಕಿಯಲ್ಲಿ ಬರೆದುಕೊಟ್ಟಂತೆ.

ವಿಚಿತ್ರವೆಂದರೆ ಈ ಎಲ್ಲ ಪಟ್ಟಿಗಳೂ ಸಿಂಗಲ್ಸ್ ಮಾತ್ರವೇ ಟೆನಿಸ್ ಎಂದು ಮೊದಲೇ ತೀರ್ಮಾನಿಸಿಕೊಂಡಿರುತ್ತವೆ. ಡಬಲ್ಸ್ ಎಂದರೆ ಸಂಜೆ ಹೊತ್ತಿನ ಕಾಲಕ್ಷೇಪವೆಂಬ ಧಾಟಿ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯಾ ಓಪನ್ ಡಬಲ್ಸ್ ಗೆದ್ದು, 43ನೇ ವಯಸ್ಸಿನಲ್ಲಿ ಜಗತ್ತಿನ ಅಗ್ರ ಕ್ರಮಾಂಕಕ್ಕೇರಿದರು. ಆ ಪಟ್ಟಕ್ಕೆ ಮೊದಲ ಬಾರಿ ಏರಿದವರಲ್ಲಿ ಅಷ್ಟು ವಯಸ್ಸಾದವರು ಹಿಂದೆ ಇರಲಿಲ್ಲ. ಸರ್ವ್, ವಾಲಿ, ರಿಟರ್ನ್, ಕಣ್ಣಳತೆ ಎಲ್ಲವೂ ಬೇಕಾದ ಆಟವದು. ಶ್ರೇಷ್ಠರ ಚರ್ಚೆಯಲ್ಲಿ ಅದಕ್ಕೆ ಒಂದು ಪೈಸೆಯ ಬೆಲೆಯೂ ಇಲ್ಲ.

ಹಾಗಿದ್ದರೆ ತೀರ್ಪೇನು? ಮುಕ್ತ ಯುಗದ ಪುರುಷರ ಸಿಂಗಲ್ಸ್ ಎಂದು ಪ್ರಶ್ನೆಯನ್ನು ಕಿರಿದು ಮಾಡಿದರೆ ಜೊಕೊವಿಚ್, ಅದರಲ್ಲಿ ಹೆಚ್ಚು ಅನುಮಾನ ಬೇಡ. 1968ಕ್ಕೆ ಹಿಂದಿನ ಗೊನ್ಸಾಲೆಸ್, ರೋಸ್‌ವಾಲ್ ಅವರನ್ನು ಆ ಪಟ್ಟಿಯ ಕೆಳಗಿನ ಸಾಲುಗಳಲ್ಲಿ ತುರುಕುವುದಕ್ಕಿಂತ ಅವರಿಗೆ ಬೇರೆ ಪಟ್ಟಿ ಮಾಡುವುದೇ ಮರ್ಯಾದೆ. ಎರಡೂ ಪಟ್ಟಿಗಳಲ್ಲಿ ಮೇಲೆ ನಿಲ್ಲಬಲ್ಲವರು ಲೇವರ್ ಒಬ್ಬರೇ. ಆದರೆ ‘ಟೆನಿಸ್ ಆಡಿದವರಲ್ಲಿ ಶ್ರೇಷ್ಠರು ಯಾರು’ ಎಂಬುದೇ ಪ್ರಶ್ನೆಯಾದರೆ, ಗಂಡು ಹೆಣ್ಣು, ಸಿಂಗಲ್ಸ್ ಡಬಲ್ಸ್ ಎಂಬ ಭೇದವಿಲ್ಲದೆ ಇಡೀ ಆಟವನ್ನು ಲೆಕ್ಕಕ್ಕಿಟ್ಟರೆ, ಉತ್ತರ ಮಾರ್ಟಿನಾ ನವ್ರಾಟಿಲೋವಾ. ಒಂಬತ್ತು ವಿಂಬಲ್ಡನ್ ಸೇರಿ 18 ಸಿಂಗಲ್ಸ್, 31 ಮಹಿಳಾ ಡಬಲ್ಸ್, 10 ಮಿಶ್ರ ಡಬಲ್ಸ್: ಒಟ್ಟು 59 ಗ್ರ್ಯಾನ್‌ಸ್ಲಾಮ್. 1983ರಲ್ಲಿ ಆಡಿದ 87 ಸಿಂಗಲ್ಸ್ ಪಂದ್ಯಗಳಲ್ಲಿ ಸೋತದ್ದು ಒಂದನ್ನು. ಆ ಐವತ್ತೊಂಬತ್ತರಲ್ಲಿ ಕೊನೆಯದು 2006ರ ಸೆಪ್ಟೆಂಬರ್‌ನ ಅಮೆರಿಕ ಓಪನ್‌ನಲ್ಲಿ ಬಾಬ್ ಬ್ರಯಾನ್ ಜೊತೆ ಗೆದ್ದ ಮಿಶ್ರ ಡಬಲ್ಸ್. ಆಗ ಅವರಿಗೆ ಐವತ್ತು ತುಂಬಲು ಒಂದು ತಿಂಗಳ ಮೇಲೆ ಕೆಲವು ದಿನ ಬಾಕಿಯಿತ್ತು.